ಬುಟ್ಟಿ ಬರುವ ಹೊತ್ತು

ನಾನು ಶಿರಸಿ ಕಡೆಯವ. ತಂಬುಳಿ, ಅಪ್ಪೆಹುಳಿಯ ಮನುಷ್ಯ. ಕೆಲಸದ ಸಲುವಾಗಿ ಘಟ್ಟ ಇಳಿದು ಕಾರವಾರದ ಕೋಡಿಬಾಗದಲ್ಲಿ ಮನೆ ಮಾಡಿದಾಗ ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ, "ಆ ವಾಸನೆ ಹೇಗೆ ತಡ್ಕೊಳ್ತೀಯೋ ಮಾರಾಯ?" ವಾರ ಕಳೆಯುವುದರೊಳಗೆ ಮೂಗು ಸುಮ್ಮನಾಯಿತು. ಆದರೆ ಈ ಓಣಿಯಲ್ಲಿ ಮೀನು ತಿನ್ನದವನ ದಿನವೂ ಮೀನಿನ ಲೆಕ್ಕದಲ್ಲೇ ನಡೆಯುತ್ತದೆ ಅನ್ನುವುದು ತಿಳಿಯಲು ಒಂದು ವರ್ಷ ಬೇಕಾಯಿತು.

ಬೆಳಿಗ್ಗೆ ಮೀನು ಮಾರುವ ಬುಟ್ಟಿಯಮ್ಮನ ಕೂಗು ಕೇಳಿದರೆ ಒಂಬತ್ತೂವರೆ ಆಯಿತು ಅಂತಲೇ ಅರ್ಥ, ನಾನು ಆಫೀಸಿಗೆ ಲೇಟು ಅಂತಲೂ ಅರ್ಥ. ಎದುರು ಮನೆಯ ನಿವೃತ್ತ ಮೇಷ್ಟ್ರು ಲುಂಗಿ ಎತ್ತಿ ಕಟ್ಟಿಕೊಂಡು ಬಂದು ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಒಂದೊಂದೇ ಬಂಗಡೆ ಎತ್ತಿ, ಹೆಬ್ಬೆರಳಿನಿಂದ ಕಿವಿರು ಬಿಡಿಸಿ ಒಳಗಿನ ಕೆಂಪು ನೋಡುತ್ತಾರೆ, ಹಿಂದೆ ಮಕ್ಕಳ ಉತ್ತರಪತ್ರಿಕೆಯನ್ನೂ ಹೀಗೇ ನೋಡುತ್ತಿದ್ದರೇನೋ. "ಕಿತ್ಲೆ?" ಅಂತ ಚೌಕಾಸಿ ಶುರುವಾಗುವುದು ಕೊಂಕಣಿಯಲ್ಲಿ. ಸಿಟ್ಟು ಬಂದರೆ ಮಾತ್ರ ಇಬ್ಬರೂ ಕನ್ನಡಕ್ಕೆ ಬರುತ್ತಾರೆ. ಯಾಕೋ!

ಭಾನುವಾರ ಬೀಚಿಗೆ ಹೋಗುತ್ತೇನೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ ಯುವಕ ಟಾಗೋರರು ಬಂದು ಉಳಿದು, ನಾಟಕ ಬರೆದ ಊರಿದು. ಅದಕ್ಕೇ ಆ ಬೀಚಿಗೆ ಅವರ ಹೆಸರು. ಬಂದ ನೆಂಟರು ಯುದ್ಧನೌಕೆ ಮ್ಯೂಸಿಯಂ ಮುಂದೆ ಸೆಲ್ಫಿ ತೆಗೆಯುತ್ತಾರೆ. ನನಗೆ ಅದಕ್ಕಿಂತ ರಂಪಣಿ ಬಲೆ ಎಳೆಯುವುದು ಕಂಡರೆ ಖುಷಿ ಜಾಸ್ತಿ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬಂದಿರುತ್ತಾರೆ, ದಡದಲ್ಲಿ ಎರಡು ಕಡೆ ಹಗ್ಗ ಹಿಡಿದು ಜನ ಸಾಲಾಗಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ಒಮ್ಮೆ ನಾನೂ ಕೈ ಹಾಕಿದೆ. ಅಂಗೈ ಕೆಂಪಾಯಿತು. ಪಾಲಿಗೆ ನಾಲ್ಕು ತಾರ್ಲೆ ಬಂತು! ಮೇಷ್ಟ್ರಿಗೆ ಕೊಟ್ಟೆ, ಅವರು ಅದರ ಕಿವಿರನ್ನೂ ನೋಡಿದರು.

ಜೂನ್ 1ರಿಂದ ಎರಡು ತಿಂಗಳು ಯಂತ್ರದ ದೋಣಿಗಳಿಗೆ ರಜೆ, ಮೀನು ಮರಿ ಮಾಡುವ ಕಾಲ. ಬೈತಖೋಲ ಬಂದರಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಓಣಿಯಲ್ಲಿ ಬರೀ ಮಳೆ ಸದ್ದು. ಬುಟ್ಟಿಯಮ್ಮ ಸ್ವಲ್ಪ ದಿನ ಒಣಮೀನು ತರುತ್ತಾಳೆ, ಆಮೇಲೆ ಅದೂ ಇಲ್ಲ. ಆಗ ನಾನು ನಿಜವಾಗಿ ಲೇಟಾಗುತ್ತೇನೆ.

2024ರ ಆಗಸ್ಟ್ 7ರ ಬೆಳಿಗ್ಗೆ ಮಾತ್ರ ಆಕೆ ಏಳಕ್ಕೇ ಗೇಟಿನಲ್ಲಿದ್ದಳು. ಬುಟ್ಟಿ ಇರಲಿಲ್ಲ. ರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದಿತ್ತು, ಲಾರಿಯೊಂದು ಹೊಳೆಗೆ ಬಿದ್ದಿತ್ತು, ಡ್ರೈವರ್ ಬದುಕಿದ್ದ. ಟಿವಿ ಹಾಕುವ ಮೊದಲೇ ನಮಗೆ ಎಲ್ಲ ಗೊತ್ತಾಯಿತು. ಹೊಳೆ ಕಡೆ ಹೋಗಿ ನೋಡಿದರೆ ಆಚೆ ಸದಾಶಿವಗಡದ ಗುಡ್ಡ ಅಲ್ಲೇ ಇತ್ತು, ನಡುವಿನ ಗೆರೆ ತುಂಡಾಗಿತ್ತು. ಪಕ್ಕದ ಹೊಸ ಸೇತುವೆ ಇತ್ತು ಅನ್ನಿ.

ಆ ಮಳೆಗಾಲದಲ್ಲಿ ಅಮ್ಮ ಕಳಿಸಿದ ಹಲಸಿನ ಹಪ್ಪಳ ಒಂದು ಡಬ್ಬ ಆಕೆಗೆ ಕೊಟ್ಟಿದ್ದೆ. ತಿಂಗಳಾದ ಮೇಲೆ ಡಬ್ಬ ವಾಪಸ್ ಬಂತು. ಖಾಲಿ ಕೊಡಬಾರದಂತೆ. ಒಳಗೆ ಏನೋ ಸರಸರ ಅಂದಿತು. ಒಣ ಶೆಟ್ಲಿ, ಅಂದರೆ ಒಣಗಿಸಿದ ಸೀಗಡಿ, ಅಂತ ನನಗೆ ಗೊತ್ತಾಗಿದ್ದು ಮುಚ್ಚಳ ತೆಗೆದ ಮೇಲೆ. ಬೆಕ್ಕು ಅಷ್ಟು ಹೊತ್ತಿಗೆ ನನ್ನ ಕಾಲು ಸುತ್ತಿ ಮೂರು ಪ್ರದಕ್ಷಿಣೆ ಮುಗಿಸಿತ್ತು.