ಪೇದೆಯ ಕಾಲುಪಟ್ಟಿ

ನಲವತ್ತೆರಡರ 'ಭಾರತ ಬಿಟ್ಟು ತೊಲಗಿ' ಚಳವಳಿಯ ಮೇಲೆ ನಗೆನಾಟಕ ಕಟ್ಟುವವರು ಪೊಲೀಸರನ್ನು ಪೆದ್ದರನ್ನಾಗಿಸಲು ಪಡುವ ಪಾಡು ನೋಡಿದರೆ ಅಯ್ಯೋ ಅನಿಸುತ್ತದೆ. ಬಾಳೆಹಣ್ಣಿನ ಸಿಪ್ಪೆ, ಉದುರುವ ಚಡ್ಡಿ, ದಿಂಬು ಕಟ್ಟಿದ ಹೊಟ್ಟೆ! ಇದ್ಯಾವುದೂ ಬೇಡ. ಪೇದೆಯ ಪಾತ್ರಧಾರಿಗೆ ಒಂದು ಜೊತೆ ಕಾಲುಪಟ್ಟಿ ಕೊಟ್ಟು, "ಕ್ರಮವಾಗಿ ಸುತ್ತಿಕೊಳ್ಳಪ್ಪ" ಅಂದರೆ ಸಾಕು.

ಪಟ್ಟಿಯೆಂದರೆ ಆಗಿನ ಪೊಲೀಸರು ಬೂಟಿನಿಂದ ಮೊಣಕಾಲಿನವರೆಗೆ ಸುತ್ತಿಕೊಳ್ಳುತ್ತಿದ್ದ, ಸುಮಾರು 9 ಅಡಿ ಉದ್ದ, 4 ಇಂಚು ಅಗಲದ ಉಣ್ಣೆಬಟ್ಟೆ. ಒಂದು ತುದಿಗೆ ಲಾಡಿ. ಮೊದಲು ಲಾಡಿ ಒಳಗೆ ಹೋಗುವಂತೆ ಸುರುಳಿ ಸುತ್ತಿಡಬೇಕು. ಇದನ್ನು ಮರೆತವನು ಮೊಣಕಾಲಿನವರೆಗೆ ಸುತ್ತಿ ಮುಗಿಸಿ, ಕಟ್ಟಲು ಲಾಡಿ ಹುಡುಕಿದರೆ ಅದು ಹಿಮ್ಮಡಿಯ ಹತ್ತಿರ ಪಟ್ಟಿಯಡಿಗೆ ಸೇರಿಹೋಗಿರುತ್ತದೆ. ಎಲ್ಲ ಬಿಚ್ಚಿ ಮತ್ತೆ ಮೊದಲಿಂದ. ಬೂಟಿನ ಮೇಲಂಚಿನಿಂದ ಹಿಡಿದು, ಒಂದು ಸುತ್ತು ಇನ್ನೊಂದರ ಅರ್ಧ ಮುಚ್ಚುವಂತೆ ಮೇಲೇರಬೇಕು. ಬಿಗಿಯಾದರೆ ಮೀನಖಂಡ ಜೋಮು ಹಿಡಿಯುತ್ತದೆ. ಸಡಿಲವಾದರೆ ಓಡುವಾಗ ಜಾರಿ, ತನ್ನ ಪಟ್ಟಿಯ ಬಾಲವನ್ನು ತಾನೇ ತುಳಿದು ಮುಗ್ಗರಿಸುವುದು ಖಂಡಿತ. ಕೆಸರುಗದ್ದೆಗೆ ಇಳಿದರಂತೂ ನೆನೆದ ಉಣ್ಣೆ ಒಣಗುತ್ತ ಕುಗ್ಗಿ ಕಾಲನ್ನು ಹಿಂಡುತ್ತದೆ. ಪೇದೆ ಎರಡನೇ ಕಾಲಿಗೆ ಬರುವಷ್ಟರಲ್ಲಿ, ಟೆಲಿಗ್ರಾಫ್ ತಂತಿ ಕತ್ತರಿಸಿದ ಹುಡುಗರು ಹೊಳೆ ದಾಟಿರುತ್ತಾರೆ. ಅವನೇನೂ ದಡ್ಡನಲ್ಲ, ನಿಯಮಕ್ಕೆ ಒಂದಿಷ್ಟೂ ತಪ್ಪದವನು. ನಗು ಹುಟ್ಟುವುದು ಅಲ್ಲಿ.

ಬಂದೂಕಿನ ವಿಷಯವೂ ಹೀಗೇ. ಪೊಲೀಸರಿಗೆಂದೇ ಬಂಗಾಳದ ಇಶಾಪುರದ ಸರ್ಕಾರಿ ಬಂದೂಕು ಕಾರ್ಖಾನೆ ಸೈನ್ಯದ .303 ರೈಫಲನ್ನು, ನಳಿಗೆಯೊಳಗೆ ಸುರುಳಿಗೆರೆಗಳಿಲ್ಲದ .410 ಮಸ್ಕೆಟ್ ಬಂದೂಕಾಗಿ ಮಾರ್ಪಡಿಸಿತ್ತು. ಒಂದು ಸಲಕ್ಕೆ ಒಂದೇ ತೋಟಾ. ಸೈನ್ಯದ ಸಾಮಾನ್ಯ ತೋಟಾ ಅದಕ್ಕೆ ಹಿಡಿಯದು. ಬಂಡಾಯಗಾರರು ಕಿತ್ತುಕೊಂಡರೂ ಹೆಚ್ಚು ಉಪಯೋಗಕ್ಕೆ ಬರಬಾರದು ಎಂಬ ಮುಂದಾಲೋಚನೆ. ಕೈಗೆ ಬಂದೂಕು ಕೊಡುವಾಗಲೇ ಅದು ಕೈತಪ್ಪುವ ಲೆಕ್ಕ ಹಾಕುವ ಸರ್ಕಾರಕ್ಕಿಂತ ಒಳ್ಳೆಯ ಹಾಸ್ಯಗಾರ ಯಾವ ಕಂಪನಿ ನಾಟಕದಲ್ಲೂ ಸಿಗಲಿಕ್ಕಿಲ್ಲ.

ಹಳ್ಳಿಯವರೂ ಹಾಸ್ಯದಲ್ಲಿ ಹಿಂದೆ ಬೀಳಲಿಲ್ಲ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಸೆಪ್ಟೆಂಬರಿನಲ್ಲಿ ತಾನೇ ಸರ್ಕಾರವೆಂದು ಸಾರಿಕೊಂಡು, ಅಮಲ್ದಾರ (ಈಗಿನ ತಹಶೀಲ್ದಾರ) ಮತ್ತು ಸಬ್‌ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ನೇಮಿಸಿದ್ದು ಚಿಕ್ಕ ಹುಡುಗರನ್ನು! ಕಂದಾಯಕ್ಕೆ ಬಂದ ಶಾನುಭೋಗರ ದಫ್ತರವನ್ನೂ, ಅಂದರೆ ಲೆಕ್ಕದ ಕಡತವನ್ನೂ, ಮಕ್ಕಳು ಕಿತ್ತುಕೊಂಡರು. ಯಾವ ಪ್ರಹಸನಕಾರನೂ ಇಷ್ಟು ಧೈರ್ಯ ಮಾಡಿರಲಾರ.

ಆದರೆ ಅದೇ ತಿಂಗಳ ಕೊನೆಗೆ ನಿಜವಾದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರೂ ಊರಿಗೆ ಬಂದರು. ಘರ್ಷಣೆಯಲ್ಲಿ ಇಬ್ಬರೂ ಸತ್ತರು. ಆಮೇಲೆ ಊರನ್ನು ಹೊಕ್ಕ ಪೊಲೀಸರು, ಸೈನಿಕರು ಮುಗ್ಗರಿಸುವವರಾಗಿರಲಿಲ್ಲ. 1943ರ ಮಾರ್ಚ್‌ನಲ್ಲಿ ಐವರಿಗೆ ಗಲ್ಲಾಯಿತು. ಆದ್ದರಿಂದ ಈಸೂರಿನ ಹೆಸರಿಟ್ಟು ನಗೆನಾಟಕ ಬರೆಯುವವರು ದಫ್ತರ ಕಿತ್ತುಕೊಂಡ ದೃಶ್ಯಕ್ಕೇ ಪರದೆ ಎಳೆಯಲಿ. ಮೂರನೇ ಅಂಕ ಬೇಕೇ ಬೇಕೆನ್ನುವವರು ಊರಿನ ಹೆಸರು ಬದಲಿಸಿಕೊಳ್ಳಲಿ.