ನಮ್ಮನೆಯವರ ಲೇಬಲ್ ಪಾರಾಯಣ

ನಿನ್ನೆ ಸಂಜೆ ನಾವು ಬ್ರೆಡ್ ತರಲು ಹೋಗಿದ್ದೆವು. ಬರೀ ಬ್ರೆಡ್. ಮನೆಗೆ ವಾಪಸ್ ಬಂದಾಗ ಎರಡೂಕಾಲು ಗಂಟೆ ಕಳೆದಿತ್ತು. ಚೀಲದಲ್ಲಿ ಏನೇನೋ ಇತ್ತು, ಬ್ರೆಡ್ ಮಾತ್ರ ಇರಲಿಲ್ಲ. ಫ್ರೋಜನ್ ಬಟಾಣಿ ಕರಗಿ ಚೀಲದ ಮೂಲೆಯಿಂದ ತೊಟತೊಟ ಅಂತ ನೀರು ಸೋರುತ್ತಿತ್ತು. ನನ್ನ ಮೊಣಕಾಲು ಇವತ್ತೂ ನೋಯುತ್ತಿದೆ. ಹಾಗಾಗಿ ಈ ಬರಹದಲ್ಲಿ ಎಲ್ಲಾದರೂ ಖಾರ ಜಾಸ್ತಿ ಅನ್ನಿಸಿದರೆ ಅದು ಮೊಣಕಾಲಿನದ್ದು, ನನ್ನದಲ್ಲ.

ಇದೆಲ್ಲ ಶುರುವಾದದ್ದು ಮೂರು ತಿಂಗಳ ಹಿಂದೆ. ನಮ್ಮನೆಯವರ ರಕ್ತ ಪರೀಕ್ಷೆಯ ರಿಪೋರ್ಟ್ ನೋಡಿ ಡಾಕ್ಟರು, "ಪ್ಯಾಕೆಟ್ ತಿಂಡಿ ಕಡಿಮೆ ಮಾಡಿ. ಕೊಳ್ಳುವ ಮುಂಚೆ ಹಿಂದುಗಡೆ ಏನು ಬರೆದಿದೆ ಅಂತ ಸ್ವಲ್ಪ ಓದಿ" ಅಂದರು. ಇದೇ ಮಾತನ್ನು ನಾನು ಎಷ್ಟೋ ವರ್ಷದಿಂದ ಹೇಳುತ್ತಿದ್ದೆ. ನಾನು ಹೇಳಿದರೆ ಅದು ಗೊಣಗಾಟ, ಡಾಕ್ಟರು ಹೇಳಿದರೆ ವೇದವಾಕ್ಯ. ಇರಲಿ. ನಾನೂ ಆ ಖುಷಿಯಲ್ಲಿ, "ಇನ್ನು ಮೇಲೆ ಆದಷ್ಟೂ ಆರ್ಗ್ಯಾನಿಕ್ಕೇ ತರೋಣ, ಆದರೆ ತಿಂಗಳ ದಿನಸಿ ಖರ್ಚು ಒಂದು ಕಾಸೂ ಮೇಲೆ ಹೋಗಬಾರದು" ಎಂದುಬಿಟ್ಟೆ. ಈ ವಾಕ್ಯದ ಮೊದಲರ್ಧಕ್ಕೂ ಎರಡನೇ ಅರ್ಧಕ್ಕೂ ಹುಟ್ಟಾ ದ್ವೇಷ ಅಂತ ನನಗೆ ಆಗ ಗೊತ್ತಿರಲಿಲ್ಲ.

ನೀವೂ ಗಮನಿಸಿರುತ್ತೀರಿ. ಕಾಳನ್ನು ಉಜ್ಜಿ, ತೌಡು ತೆಗೆದು, ನುಣ್ಣಗೆ ಬೀಸಿ, ಬೆಳ್ಳಗೆ ಮಾಡಿದ ಹಿಟ್ಟಿಗೆ ಒಂದು ಬೆಲೆ. ತೌಡು ತೆಗೆಯದೆ ಹಾಗೇ ಬಿಟ್ಟ ಹಿಟ್ಟಿಗೆ ಅದಕ್ಕಿಂತ ಜಾಸ್ತಿ ಬೆಲೆ. ಎಣ್ಣೆಯನ್ನು ಕಾಯಿಸಿ, ಸೋಸಿ, ಬಣ್ಣ ತೆಗೆದು, ವಾಸನೆ ತೆಗೆದು ಕೊಟ್ಟರೆ ಅಗ್ಗ. ಸುಮ್ನೆ ಹಿಂಡಿ ಬಾಟಲಿಗೆ ತುಂಬಿದರೆ ದುಬಾರಿ. ಅಂದರೆ ಕೆಲಸ ಮಾಡಿದ್ದಕ್ಕೆ ಕಡಿಮೆ ದುಡ್ಡು, ಏನೂ ಮಾಡದೆ ಬಿಟ್ಟದ್ದಕ್ಕೆ ಜಾಸ್ತಿ ದುಡ್ಡು. ಇದೇ ಲೆಕ್ಕ ಮನೆಗೆಲಸಕ್ಕೂ ಬಂದುಬಿಟ್ಟರೆ ನಮ್ಮನೆಯವರು ಕೋಟ್ಯಧಿಪತಿ.

ಹಾಗಂತ ಬೆಳೆಯುವವರನ್ನು ಬೈಯೋಣ ಅಂದರೆ ಅದಕ್ಕೂ ಮನಸ್ಸು ಬರುವುದಿಲ್ಲ. ಹೊಲಕ್ಕೆ ರಾಸಾಯನಿಕ ಹಾಕುವುದನ್ನು ನಿಲ್ಲಿಸಿದ ಮಾರನೇ ದಿನವೇ ಅವರಿಗೆ ಸರ್ಟಿಫಿಕೇಟ್ ಸಿಗುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ವರ್ಷ ಕಾಯಬೇಕು. ಆ ವರ್ಷಗಳಲ್ಲಿ ಇಳುವರಿ ಇಳಿಯುತ್ತದೆ, ಕಳೆ ಕೀಳುವ ಕೂಲಿ ಏರುತ್ತದೆ, ಆದರೆ ಮಾಲಿನ ಮೇಲೆ ಆರ್ಗ್ಯಾನಿಕ್ ಅಂತ ಬರೆಯುವ ಹಾಗಿಲ್ಲ. ಮೇಲೆ ತಪಾಸಣೆಯ ಫೀಸು ಬೇರೆ. ಇದೆಲ್ಲ ತಿಳಿದ ಮೇಲೆ ಬೆಳೆಯುವವರ ಮೇಲಿನ ಸಿಟ್ಟು ಹೋಯಿತು. ಸಿಟ್ಟೇನೋ ಹಾಗೇ ಉಳಿದಿದೆ, ಎಲ್ಲಿಡಬೇಕು ಅಂತ ಗೊತ್ತಾಗದೆ ಸದ್ಯಕ್ಕೆ ಮನೆಯಲ್ಲೇ ಒಬ್ಬರ ಮೇಲೆ ಇಟ್ಟಿದ್ದೇನೆ.

ಆ ಒಬ್ಬರ ವಿಷಯಕ್ಕೇ ಬರೋಣ. ಲೇಬಲ್ ಓದುವುದು ತಪ್ಪಲ್ಲ. ಆದರೆ ನಮ್ಮನೆಯವರಿಗೆ ಮನಸ್ಸಿನಲ್ಲಿ ಓದಲು ಬರುವುದಿಲ್ಲ. ಪೇಪರ್ ಓದಿದರೂ ಜೋರಾಗಿ, ಕರೆಂಟ್ ಬಿಲ್ ಓದಿದರೂ ಜೋರಾಗಿ. ಅಂಗಡಿಯಲ್ಲಿ ದಾರ ಕಟ್ಟಿದ ಕನ್ನಡಕವನ್ನು ಮೂಗಿಗೇರಿಸಿ, ಅದರ ಮೇಲೆ ಮೊಬೈಲಿನ ಕ್ಯಾಮೆರಾ ಹಿಡಿದು ಅಕ್ಷರ ದೊಡ್ಡದು ಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಶುರು ಮಾಡಿದರೆ ಪಕ್ಕದ ಸಾಲಿನವರಿಗೂ ಕೇಳಿಸಬೇಕು. ಈ ಅಕ್ಷರಗಳೋ, ಇರುವೆಗೆ ಮಸಿ ಬಳಿದು ಓಡಿಸಿದ ಹಾಗೆ. ಮುಂದುಗಡೆ "ನ್ಯಾಚುರಲ್" ಅನ್ನುವುದನ್ನು ರಸ್ತೆಯ ಆ ಕಡೆಯಿಂದಲೂ ಓದಬಹುದು. ಹಿಂದುಗಡೆಯದ್ದನ್ನು ಓದಲು ಪ್ರಯೋಗಾಲಯ ಬೇಕು.

ಶುರುವಿನ ವಾರಗಳಲ್ಲಿ ಅವರಿಗೆ ಅಂಕಿಗಳ ಭಯ. ಒಂದು ಜಾಮ್ ಬಾಟಲಿಯನ್ನು ಹಾವು ಹಿಡಿದವರ ಹಾಗೆ ದೂರ ಹಿಡಿದು, "ಮುನ್ನೂರ ಮೂವತ್ತು ಹಾಕಿದಾರೆ ಕಣೇ!" ಎಂದು ಕೂಗಿದರು. ಯಾವುದೋ ಕ್ರಿಮಿನಲ್ ಸೆಕ್ಷನ್ ಇರಬೇಕು ಅಂತ ನಾನೂ ಗಾಬರಿಯಾದೆ. ರಾತ್ರಿ ಮಗಳು ಫೋನಿನಲ್ಲಿ, "ಅಪ್ಪಾ, 330 ಅಂದರೆ ಸಿಟ್ರಿಕ್ ಆಮ್ಲ. ನಿಂಬೆಹಣ್ಣಿನಲ್ಲಿ ಇರೋ ಹುಳಿ. 300 ಅಂದರೆ ವಿಟಮಿನ್ ಸಿ" ಎಂದು ಬಿಡಿಸಿ ಹೇಳಿದಳು. ಇವರು ಒಪ್ಪಿದರು, ಆದರೆ ವಾರವಿಡೀ ಮನೆಯಲ್ಲಿದ್ದ ನಿಂಬೆಹಣ್ಣನ್ನು ಅನುಮಾನದಿಂದಲೇ ನೋಡುತ್ತಿದ್ದರು.

ಅವಳು ಅಷ್ಟಕ್ಕೇ ಬಿಡಬಹುದಿತ್ತು, ಅಲ್ವಾ? ಬಿಡಲಿಲ್ಲ. ನೋವಾ ಅನ್ನುವ ಪದ್ಧತಿಯನ್ನೂ ಅಪ್ಪನಿಗೆ ಕಲಿಸಿಕೊಟ್ಟಳು. ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತು ಅವರ ತಂಡ 2009ರಲ್ಲಿ ಮುಂದಿಟ್ಟ ವಿಚಾರ ಅದು. ಆಹಾರದಲ್ಲಿ ಕೊಬ್ಬು ಎಷ್ಟು, ಸಕ್ಕರೆ ಎಷ್ಟು ಅಂತ ಅಲ್ಲ, ಅದಕ್ಕೆ ಏನೇನು ಮಾಡಿದ್ದಾರೆ ಅಂತ ನೋಡಿ ನಾಲ್ಕು ಗುಂಪು ಮಾಡುತ್ತಾರೆ. ಇದ್ದ ಹಾಗೇ ಇರುವುದು, ಹೆಚ್ಚೆಂದರೆ ಒಣಗಿಸಿದ್ದು, ಬೀಸಿದ್ದು, ತಣ್ಣಗೆ ಹೆಪ್ಪುಗಟ್ಟಿಸಿದ್ದು ಮೊದಲನೆಯ ಗುಂಪು. ಅಡುಗೆಗೆ ಹಾಕುವ ಎಣ್ಣೆ, ಉಪ್ಪು, ಸಕ್ಕರೆ ಎರಡನೆಯದು. ಇವೆರಡನ್ನೂ ಸೇರಿಸಿ ಮಾಡಿದ ಸಾದಾ ಪದಾರ್ಥಗಳು ಮೂರನೆಯದು. ಯಾರ ಅಡುಗೆಮನೆಯಲ್ಲೂ ಇಲ್ಲದ ಸಾಮಾನೆಲ್ಲ ಹಾಕಿ ಫ್ಯಾಕ್ಟರಿಯಲ್ಲಿ ಕೂಡಿಸಿದ್ದು ನಾಲ್ಕನೆಯದು. ಅಂದಿನಿಂದ ಇವರು ಲೋಕವನ್ನೇ ನಾಲ್ಕು ಭಾಗ ಮಾಡಿದ್ದಾರೆ. ನನ್ನ ತಮ್ಮನೂ ನಾಲ್ಕನೇ ಗುಂಪಿಗೆ ಬಿದ್ದಿದ್ದಾನೆ.

ಈಗ ನಿನ್ನೆಯ ಕಥೆ.

ಮಗಳು ಕಳಿಸಿದ ಹೊಸ ಹಸಿರು ಟೀ ಶರ್ಟ್ ಹಾಕಿಕೊಂಡು ಇವರು ಹೊರಟರು. ಕಾಲರ್ ಇರುವಂಥದ್ದು, ಜೇಬಿನಲ್ಲಿ ಪೆನ್ನು, ಕೊರಳಲ್ಲಿ ಕನ್ನಡಕದ ದಾರ. ಅಂಗಡಿಯೊಳಗೆ ಕಾಲಿಟ್ಟಾಗಲೇ ನನಗೆ ಹೊಳೆಯಬೇಕಿತ್ತು. ಅಲ್ಲಿ ಕೆಲಸ ಮಾಡುವ ಹುಡುಗರೆಲ್ಲ ಹಸಿರು ಟೀ ಶರ್ಟಿನಲ್ಲೇ ಇದ್ದರು. ಅವರ ಕೊರಳಲ್ಲೂ ದಾರ ಇತ್ತು, ಗುರುತಿನ ಚೀಟಿಯದ್ದು.

ನಾನು ನನ್ನ ಕೆಲಸಕ್ಕೆ ಹೋದೆ. ನನ್ನ ಕೆಲಸ ಅಂದರೆ ಬಗ್ಗುವುದು. ಅಂಗಡಿಯವರು ಜಾಸ್ತಿ ಬೆಲೆಯದನ್ನು ಕಣ್ಣಿಗೆ ನೇರವಾಗಿ ಇಡುತ್ತಾರೆ, ಅಗ್ಗದ್ದನ್ನು ನೆಲಕ್ಕೆ ಹತ್ತಿರ. ಬೆಲೆ ಚೀಟಿಯಲ್ಲಿ ಕಿಲೋಗೆ ಎಷ್ಟು ಅನ್ನುವುದನ್ನು ಮೂಲೆಯಲ್ಲಿ ಚಿಕ್ಕದಾಗಿ ಬರೆದಿರುತ್ತಾರೆ. ಅದನ್ನು ನೋಡದೆ ಪ್ಯಾಕೆಟ್ಟಿನ ಬೆಲೆ ನೋಡಿ ಕೊಂಡರೆ ಕೆಟ್ಟೆವು. ಹೋದ ತಿಂಗಳ ಬೆಲೆಗೇ ಸಿಗುತ್ತಿದೆಯಲ್ಲ ಅಂತ ಖುಷಿಪಟ್ಟರೆ ಒಳಗಿನ ತೂಕ ಇಳಿದಿರುತ್ತದೆ. ನಾನು ಕೂತು, ಎದ್ದು, ಮತ್ತೆ ಕೂತು ಲೆಕ್ಕ ಹಾಕುತ್ತಿದ್ದೆ. ಬೇಳೆಯಲ್ಲಿ ಆರ್ಗ್ಯಾನಿಕ್ ಬಿಟ್ಟೆ, ಅಷ್ಟು ಕೈಗೆಟುಕಲಿಲ್ಲ. ಹಸಿ ಸೊಪ್ಪಿನಲ್ಲಿ ಹಿಡಿದೆ. ಬಟಾಣಿ ಫ್ರೋಜನ್ ತಗೊಂಡೆ. ಬರೀ ಬಟಾಣಿ, ಬೇರೇನೂ ಹಾಕಿಲ್ಲದ್ದು, ಮೊದಲನೇ ಗುಂಪು, ಅಗ್ಗ ಬೇರೆ. ಪರವಾಗಿಲ್ಲ ನಾನು ಅಂತ ಒಂದು ಕ್ಷಣ ಹೆಮ್ಮೆಯಾಯಿತು.

ಅಷ್ಟರಲ್ಲಿ ಎರಡು ಸಾಲಿನಾಚೆಯಿಂದ ಪರಿಚಿತ ಧ್ವನಿ. "ಗ್ಲೂಕೋಸ್ ಸಿರಪ್ಪೂ..."

ಬ್ರೆಡ್ಡು ಬಿಸ್ಕತ್ತಿನ ಸಾಲಿನಲ್ಲಿ ಪಾರಾಯಣ ನಡೆದಿತ್ತು. ಒಬ್ಬಾಕೆ ಹತ್ತಿರ ಬಂದು ಪ್ಯಾಕೆಟ್ ಮುಂದೆ ಹಿಡಿದು, "ಸರ್, ಇದನ್ನ ಶುಗರ್ ಇರೋರು ತಿನ್ನಬಹುದಾ?" ಎಂದು ಕೇಳಿದರಂತೆ. ನಮ್ಮನೆಯವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೇಳಿದ್ದು ಅವರನ್ನೇ. ನಮ್ಮ ಮನೆಯಲ್ಲಿ ಅವರ ಅಭಿಪ್ರಾಯವನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. ಕನ್ನಡಕ ಏರಿಸಿದರು.

"ನೋಡಿ ತಾಯಿ, ಈ ಪಟ್ಟಿಯಲ್ಲಿ ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನ ಮೊದಲು ಬರೀಬೇಕು. ಹಾಗಾದರೆ ಸಕ್ಕರೆ ಮೊದಲು ಬರಬೇಕಿತ್ತು, ಅಲ್ವಾ? ಇವರು ಸಕ್ಕರೆಯನ್ನ ಮೂರು ಪಾಲು ಮಾಡಿದಾರೆ. ಇಲ್ಲಿ ಸಕ್ಕರೆ, ಇಲ್ಲಿ ಗ್ಲೂಕೋಸ್ ಸಿರಪ್, ಅಗೋ ಅಲ್ಲಿ ಡೆಕ್ಸ್‌ಟ್ರೋಸ್. ಮೂವರೂ ಅಣ್ಣತಮ್ಮಂದಿರೇ. ಬೇರೆ ಬೇರೆ ಕೂತಿರೋದರಿಂದ ಹಿಟ್ಟು ಮುಂದೆ ಬಂದಿದೆ."

ಆಕೆ ಪ್ಯಾಕೆಟ್ ವಾಪಸ್ ಇಟ್ಟರು. ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಇನ್ನೊಬ್ಬರು ತಮ್ಮ ಬುಟ್ಟಿಯಿಂದ ಬ್ರೆಡ್ ತೆಗೆದು, "ಇದು ಹೇಗೆ ಸರ್? ಮಲ್ಟಿಗ್ರೇನ್" ಎಂದರು. "ಮಲ್ಟಿಗ್ರೇನ್ ಅಂದರೆ ಹಲವು ಧಾನ್ಯ ಇದೆ ಅಂತ ಅಷ್ಟೇ. ಇಡಿಯಾಗಿ ಇದೆ ಅಂತ ಎಲ್ಲಿ ಹೇಳಿದಾರೆ? ಬ್ರೌನ್ ಬಣ್ಣ ನೋಡಿ ಮೋಸ ಹೋಗಬೇಡಿ, ಕ್ಯಾರಮೆಲ್ ಹಾಕಿದರೂ ಬ್ರೌನ್ ಬರುತ್ತೆ." ಅವರೂ ವಾಪಸ್ ಇಟ್ಟರು. ಮೂರನೆಯವರು ಬಂದರು. ನಾಲ್ಕನೆಯವರು ಉಪ್ಪು ತಂದರು, ಪ್ಯಾಕೆಟ್ ಮೇಲೆ ಆರ್ಗ್ಯಾನಿಕ್ ಅಂತ ಇತ್ತು. ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಒಂದು ನಿಮಿಷ ಮೌನವಾಗಿ ನಿಂತರು. "ಉಪ್ಪೇನು ಹೊಲದಲ್ಲಿ ಬೆಳೆಯುತ್ತಾ ಸ್ವಾಮಿ? ಅದು ಖನಿಜ. ಇದಕ್ಕೆ ಯಾರು ಗೊಬ್ಬರ ಹಾಕಿದ್ದರು, ಯಾರು ನಿಲ್ಲಿಸಿದರು?"

ನಾನು ದೂರದಿಂದ ಕೈಸನ್ನೆ ಮಾಡಿದೆ. ನೋಡಿದರು. ನನಗೂ ಏನೋ ವಿಚಾರಿಸುವುದಿದೆ ಅಂದುಕೊಂಡಿರಬೇಕು, ಸರದಿಯಲ್ಲಿ ಬನ್ನಿ ಅನ್ನುವಂತೆ ತಲೆಯಾಡಿಸಿದರು.

ಅಷ್ಟರಲ್ಲಿ ಏಳೆಂಟು ಜನ ಸೇರಿದ್ದರು. ಒಬ್ಬ ಪುಟ್ಟ ಹುಡುಗ ಕ್ರೀಮ್ ಬಿಸ್ಕತ್ತನ್ನು ಎದೆಗವಚಿಕೊಂಡು ನಿಂತಿದ್ದ. ಅವನಮ್ಮ ಅದನ್ನು ಬಿಡಿಸಿ ಇವರ ಕೈಗೆ ಕೊಟ್ಟರು. ಇವರು ಓದಿದರು. "ಒಂದು ಸರ್ವಿಂಗ್ ಅಂದರೆ ಎರಡೂವರೆ ಬಿಸ್ಕತ್ತು. ಈ ಸಕ್ಕರೆ ಲೆಕ್ಕ ಎಲ್ಲ ಎರಡೂವರೆಗೆ ಮಾತ್ರ." ತಲೆ ಎತ್ತಿ ಸುತ್ತ ನೋಡಿ ಕೇಳಿದರು, "ಇಲ್ಲಿ ಯಾರಾದರೂ ಇವತ್ತಿನವರೆಗೆ ಎರಡೂವರೆ ಬಿಸ್ಕತ್ತು ತಿಂದು ನಿಲ್ಲಿಸಿದ್ದೀರಾ?" ಯಾರೂ ಕೈ ಎತ್ತಲಿಲ್ಲ. ಉಳಿದ ಅರ್ಧವನ್ನು ಯಾರಿಗೆ ಕೊಡಬೇಕು ಎಂದೂ ಕೇಳಿದರು. ಹುಡುಗ ಕೈ ಚಾಚಿದ. ಅವನಮ್ಮ ಪ್ಯಾಕೆಟ್ಟನ್ನು ಶೆಲ್ಫಿಗೆ ಇಟ್ಟುಬಿಟ್ಟರು. ಹುಡುಗ ಒಮ್ಮೆ ಉಸಿರೆಳೆದುಕೊಂಡು ಶುರು ಮಾಡಿದ ನೋಡಿ, ಇಡೀ ಅಂಗಡಿ ತಿರುಗಿ ನೋಡಿತು. ನನ್ನ ಕೈಯಲ್ಲಿದ್ದ ಬಟಾಣಿ ಆಗಲೇ ಬೆವರಲು ಶುರುವಾಗಿತ್ತು.

ಅಳು ಕೇಳಿ ಒಳಗಿನಿಂದ ಮ್ಯಾನೇಜರ್ ಓಡಿಬಂದರು. ಹಸಿರು ಟೀ ಶರ್ಟು, ನರೆತ ಕೂದಲು, ಸುತ್ತ ಜನ, ಶೆಲ್ಫಿಗೆ ವಾಪಸ್ ಹೋಗುತ್ತಿರುವ ಮಾಲು. ಅವರು ಏನಂದುಕೊಂಡರೋ ಏನೋ, ಧ್ವನಿ ತಗ್ಗಿಸಿ ತುಂಬ ಮರ್ಯಾದೆಯಿಂದ ಕೇಳಿದರು.

"ಸರ್, ತಾವು ಯಾವ ಬ್ರಾಂಚಿಂದ ಬಂದಿದ್ದು?"

ನಮ್ಮನೆಯವರು ಕನ್ನಡಕ ಇಳಿಸಿ, "ಮನೆಯಿಂದ" ಅಂದರು.

ಆಮೇಲಿನದ್ದು ಬೇಡ. ಬಿಲ್ಲಿನ ಸಾಲಿನಲ್ಲಿ ಇಪ್ಪತ್ತೈದು ನಿಮಿಷ ನಿಂತೆವು. ಹಿಂದೆ ಆ ಹುಡುಗ ಇನ್ನೂ ಬಿಕ್ಕುತ್ತಿದ್ದ. ಅಷ್ಟು ಜನಕ್ಕೆ ಬ್ರೆಡ್ ಬೇಡ ಅಂದವರಿಗೆ ತಾವು ಬ್ರೆಡ್ ಹಿಡಿದು ಸಾಲಿನಲ್ಲಿ ನಿಲ್ಲಲು ನಾಚಿಕೆ. ಹಾಗಾಗಿ ಅದನ್ನು ನಮ್ಮ ಬುಟ್ಟಿಯಿಂದ ಯಾವಾಗಲೋ ಮೆಲ್ಲಗೆ ತೆಗೆದು ಸೋಪುಗಳ ಪಕ್ಕ ಇಟ್ಟಿದ್ದರು. ಅದು ನನಗೆ ಗೊತ್ತಾದದ್ದು ಮನೆಗೆ ಬಂದು ಚೀಲ ಖಾಲಿ ಮಾಡಿದಾಗ.

ದಾರಿಯಲ್ಲಿ ನಾನು ಮಾತಾಡಲಿಲ್ಲ. ಇವರೇ ಮಾತಾಡಿದರು. ಆರ್ಗ್ಯಾನಿಕ್ ಅನ್ನುವ ಪದವನ್ನು ಬೇಸಾಯಕ್ಕೆ ಹಚ್ಚಿದವರು ಬ್ರಿಟನ್ನಿನ ಲಾರ್ಡ್ ನಾರ್ತ್‌ಬೋರ್ನ್, 1940ರಲ್ಲಿ. ಹೊಲ ಅಂದರೆ ಒಂದು ಜೀವಿಯ ಮೈ ಇದ್ದ ಹಾಗೆ, ಒಂದು ಕಡೆ ಏನಾದರೂ ಆದರೆ ಇನ್ನೊಂದು ಕಡೆಗೂ ತಟ್ಟುತ್ತದೆ ಅನ್ನುವುದು ಅವರ ವಿಚಾರವಂತೆ. ನಿಜ ಅನ್ನಿಸಿತು. ಇವರು ಓದುವುದು ಅಲ್ಲಿ, ನೋಯುವುದು ನನ್ನ ಮೊಣಕಾಲು.

ರಾತ್ರಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ನನ್ನಮ್ಮ ನೆನಪಾದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಬೀನ್ಸನ್ನು ಮುರಿದು ಟಪ್ ಅಂತ ಸದ್ದು ಬಂದರೆ ತೂಗಿಸುತ್ತಿದ್ದಳು. ಕಲ್ಲಂಗಡಿಯನ್ನು ತಟ್ಟಿ ಕಿವಿ ಕೊಡುತ್ತಿದ್ದಳು. ಸೊಪ್ಪಿನ ಕಾಂಡಕ್ಕೆ ಉಗುರು ಊರಿ ನೋಡುತ್ತಿದ್ದಳು. ಅವಳು ತಂದದ್ದರಲ್ಲಿ ವಿಷ ಇರಲಿಲ್ಲ ಅಂತ ನಾನು ಹೇಳುವುದಿಲ್ಲ, ಆಗಲೂ ಔಷಧಿ ಹೊಡೆಯುತ್ತಿದ್ದರು, ಉಗುರಿಗೆ ಅದು ಗೊತ್ತಾಗುವುದಿಲ್ಲ. ಆದರೂ ಇಪ್ಪತ್ತು ನಿಮಿಷದಲ್ಲಿ ಚೀಲ ತುಂಬಿಸಿ ಮನೆಗೆ ಬರುತ್ತಿದ್ದಳು. ಕೊನೆಗಾಲದಲ್ಲಿ ಕಣ್ಣು ಪೂರ್ತಿ ಮಂಜಾಗಿತ್ತು. ನಾನು ತಂದ ಟೊಮೇಟೊ ಕೈಗೆ ಕೊಟ್ಟರೆ ಒಂದು ಸಲ ಸವರಿ, "ಮೊನ್ನೆಯದು ಕೊಟ್ಟಿದಾನೆ ನಿಂಗೆ" ಅನ್ನುತ್ತಿದ್ದಳು. ಮುಖ ಗುರುತು ಸಿಗದಿದ್ದರೂ ಟೊಮೇಟೊ ಗುರುತು ಸಿಗುತ್ತಿತ್ತು.

ಬೆಳಿಗ್ಗೆ ನೋಡಿದರೆ ಕರಗಿದ ಬಟಾಣಿಯನ್ನು ಇವರು ತಾವೇ ತಟ್ಟೆಯಲ್ಲಿ ಹರಡಿ, ನೀರು ಬಸಿದು, ಬೇಯಿಸಿ ಇಟ್ಟಿದ್ದರು. ಉಪ್ಪು ಹಾಕಿರಲಿಲ್ಲ. ಹಾಕಿದರೆ ಗುಂಪು ಬದಲಾಗುತ್ತದಂತೆ.

ಈಗ ಮತ್ತೆ ಅಂಗಡಿಗೆ ಹೋಗಬೇಕು, ಬ್ರೆಡ್ ಇಲ್ಲವಲ್ಲ. ಇವರು ನನ್ನ ಮಾತಿಗೆ ಮರ್ಯಾದೆ ಕೊಟ್ಟು ಬಿಳಿ ಶರ್ಟ್ ಹಾಕಿಕೊಂಡಿದ್ದಾರೆ. ಅರ್ಧ ಗಂಟೆಯಿಂದ ಕನ್ನಡಕ ಹುಡುಕುತ್ತಿದ್ದಾರೆ. ಟಿವಿ ಮೇಲೆ ನೋಡಿದರು, ದಿಂಬಿನ ಕೆಳಗೆ ನೋಡಿದರು, ಫ್ರಿಜ್ ಒಳಗೂ ನೋಡಿದರು. ಅದು ಅಡುಗೆಮನೆಯಲ್ಲಿ ಬೇಳೆ ಡಬ್ಬಿಯೊಳಗಿದೆ. ಆ ಡಬ್ಬಿಯ ಮೇಲೆ ಲೇಬಲ್ ಇಲ್ಲ, ಅವರ ಕಣ್ಣಿಗೆ ಬೀಳುವುದಿಲ್ಲ.