ಸಹಿಗೊಂದು ದಿನ, ಮುಹೂರ್ತಕ್ಕೊಂದು ದಿನ

ಹುಡುಗಿ ಕೊಡವರವಳು, ಹುಡುಗ ಕ್ಯಾಥೊಲಿಕ್. ಎರಡೂ ಮನೆಯವರು ಹೂಂ ಅಂದರು ಅಂತಿಟ್ಟುಕೊಳ್ಳಿ. ಆಮೇಲೆ ಎಲ್ಲರಿಗೂ ಹೊಳೆಯುವುದು ಒಂದೇ ಉಪಾಯ: ಒಂದೇ ಹಾಲ್, ಒಂದೇ ದಿನ, ಬೆಳಿಗ್ಗೆ ಪಾದ್ರಿ, ಮಧ್ಯಾಹ್ನ ವಾಲಗ. ಇದು ಬೇಡ ಅನ್ನುವುದು ನನ್ನ ವಾದ.

ನಾನಿರುವ ಇಂಗ್ಲೆಂಡಿನಲ್ಲಿ ಈ ತಲೆನೋವನ್ನು ಕಾನೂನೇ ಕಳೆದಿದೆ. ರಿಜಿಸ್ಟ್ರಾರ್ ನಡೆಸುವ ಮದುವೆಯಲ್ಲಿ ಸ್ತೋತ್ರ, ಪ್ರಾರ್ಥನೆ, ಧರ್ಮಗ್ರಂಥದ ಓದು ಯಾವುದೂ ಇರುವಂತಿಲ್ಲ. ದೇವರ ಕಾರ್ಯ ಏನಿದ್ದರೂ ಅದರಿಂದ ಬೇರೆಯಾಗಿಯೇ ನಡೆಯಬೇಕು. ಸಮಾರಂಭ ಒಣಒಣ, ನಿಜ. ಆದರೆ ಯಾರ ದೇವರು ಮೊದಲು ಎಂಬ ಜಗಳ ಅಲ್ಲಿ ಏಳುವುದೇ ಇಲ್ಲ. ಇಬ್ಬರೂ ಖುದ್ದಾಗಿ ನೋಟಿಸ್ ಕೊಟ್ಟು 28 ದಿನ ಕಾಯಬೇಕು. ಆ ನೋಟಿಸ್ 12 ತಿಂಗಳು ನಡೆಯುತ್ತದೆ.

ನಮ್ಮ 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ ಇಂಥ ಅನುಕೂಲವಿದೆ, ಲೆಕ್ಕ ಮಾತ್ರ ಬಿಗಿ. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮುಂಚೆ 30 ದಿನ ಆ ಜಿಲ್ಲೆಯಲ್ಲಿ ವಾಸವಿದ್ದಿರಬೇಕು. ನೋಟಿಸ್ ಹಾಕಿದ ಮೇಲೆ ಆಕ್ಷೇಪಣೆಗೆ ಮತ್ತೆ 30 ದಿನ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಎಲ್ಲ ಮೊದಲಿಂದ. ವಿದೇಶದಿಂದ ಎರಡು ವಾರ ರಜೆ ಹಾಕಿ ಬಂದವರು ಎಡವುವುದು ಇಲ್ಲೇ. ಇಬ್ಬರಲ್ಲಿ ಊರಲ್ಲೇ ಇರುವವರ ವಾಸದ ಆಧಾರದ ಮೇಲೆ ನೋಟಿಸ್ ಕೊಡಿಸಿ, ಆಮೇಲೆ ಟಿಕೆಟ್ ತೆಗೆಯಬೇಕು. ಸಹಿಯ ದಿನ ಮೂವರು ಸಾಕ್ಷಿಗಳು ಬೇಕು. ಚಿಕ್ಕಪ್ಪನಿಗೆ ಇಷ್ಟವಿಲ್ಲ ಎಂಬುದು ಆಕ್ಷೇಪಣೆಯಲ್ಲ. ಜೀವಂತ ಗಂಡ ಅಥವಾ ಹೆಂಡತಿ ಇರುವುದು, ವಯಸ್ಸು ಸಾಲದಿರುವುದು, ನಿಷಿದ್ಧ ಸಂಬಂಧ, ಒಪ್ಪಿಗೆ ಕೊಡಲಾಗದ ಮನಸ್ಥಿತಿ, ಇಂಥವಷ್ಟೇ ಕಾರಣ.

ಆದರೆ ಕ್ಯಾಥೊಲಿಕ್ ಕಡೆ ಇದ್ದರೆ ಸಹಿ ಹಾಕುವ ಮೊದಲೇ ಪಾದ್ರಿಯನ್ನು ಕಾಣಿ. ಬರೀ ರಿಜಿಸ್ಟ್ರಾರ್ ಮುಂದೆ ಆದ ಮದುವೆಯನ್ನು ಚರ್ಚು ಮದುವೆಯೆಂದು ಎಣಿಸುವುದಿಲ್ಲ. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗದವರನ್ನು ಮದುವೆಯಾಗಲು ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ವಿನಾಯಿತಿ ಬೇಕು. ಕೊಡಗು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು, ಕಾಗದ ಅಲ್ಲಿಗೆ ಹೋಗಿ ಬರಬೇಕು; ಕೆಲವು ತಿಂಗಳು ಮೊದಲೇ ಶುರುಮಾಡಿ. ಮಕ್ಕಳನ್ನು ತನ್ನ ಧರ್ಮದಲ್ಲಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆಂದು ಮಾತು ಕೊಡಬೇಕಾದ್ದು ಕ್ಯಾಥೊಲಿಕ್ ಪಾಲುದಾರ ಮಾತ್ರ. ಇನ್ನೊಬ್ಬರಿಗೆ ಅದು ತಿಳಿದಿದ್ದರೆ ಸಾಕು. ವಧುವಿನ ಕಡೆಯವರು ಇದನ್ನು ಮತಾಂತರವೆಂದು ತಪ್ಪು ತಿಳಿದು ರೇಗುವುದುಂಟು. ಚರ್ಚಿನಲ್ಲಿ ಆದ ಮದುವೆ 1872ರ ಕ್ರೈಸ್ತ ವಿವಾಹ ಕಾಯ್ದೆಯಡಿ ಕಾನೂನಿಗೂ ಸಲ್ಲುತ್ತದೆ, ಒಬ್ಬರು ಮಾತ್ರ ಕ್ರೈಸ್ತರಾಗಿದ್ದರೂ. ರಿಜಿಸ್ಟ್ರಾರ್ ಅಥವಾ ಚರ್ಚು, ಎರಡರಲ್ಲಿ ಒಂದು ದಾರಿ ಹಿಡಿಯಿರಿ. ಚರ್ಚಿನಲ್ಲಾದರೆ ಬಲಿಪೂಜೆ (ಮಾಸ್) ಇಲ್ಲದ ವಿಧಿಯನ್ನೇ ಕೇಳಿ. ಅರ್ಧ ಜನ ಪ್ರಸಾದ ತೆಗೆದುಕೊಳ್ಳದೆ ಕೂರುವ ಮುಜುಗರ ತಪ್ಪುತ್ತದೆ.

ಚರ್ಚಿನ ಇನ್ನೊಂದು ನಿಯಮ: ಮದುವೆಯ ಒಪ್ಪಿಗೆಯನ್ನು ಇನ್ನೊಂದು ಧರ್ಮದ ವಿಧಿಯಲ್ಲಿ ಮತ್ತೆ ಹೇಳಕೂಡದು. ಇಲ್ಲಿ ಕೊಡವ ಪದ್ಧತಿ ಕೈಹಿಡಿಯುತ್ತದೆ. ಕೊಡವ ಮದುವೆಗೆ ಪುರೋಹಿತರಿಲ್ಲ, ಹೋಮವಿಲ್ಲ. ಮುಕ್ಕಾಲಿಯ ಮೇಲೆ ಕೂತವರಿಗೆ ಮೊದಲು ತಾಯಿ, ಆಮೇಲೆ ಹಿರಿಯರು, ನೆಂಟರು ಮಂಡಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿ, ಕಿಂಡಿ ಎಂಬ ಮೂತಿಯ ಚೊಂಬಿನಿಂದ ಹಾಲು ಕುಡಿಸಿ, ಕಾಣಿಕೆ ಕೊಡುತ್ತಾರೆ. ಮುಹೂರ್ತ ಅನ್ನುವುದು ಇದಕ್ಕೇ. ಹಳೆಯ ಕ್ರಮದಲ್ಲಿ ಹುಡುಗನ ಮುಹೂರ್ತ ಅವನ ಮನೆಯಲ್ಲಿ, ಹುಡುಗಿಯದು ಅವಳ ಮನೆಯಲ್ಲಿ. ಜೋಡಿಯಾಗಿ ಕೂರುವ ದಂಪತಿ ಮುಹೂರ್ತ ಆಮೇಲಿನದು. ಅಂದರೆ ಹುಡುಗಿಯ ಮುಹೂರ್ತ ಅವಳ ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ (ನಡುಮನೆಯಲ್ಲಿ), ತೂಗುದೀಪದಡಿ, ಚರ್ಚಿನ ಮದುವೆಯ ಹಿಂದಿನ ದಿನವೇ, ವರನಿಲ್ಲದೆ, ಪೂರ್ತಿಯಾಗಿ ನಡೆಯಬಹುದು. ಹೀಗೆಂದು ಪಾದ್ರಿಗೂ ಮೊದಲೇ ವಿವರಿಸಿ.

ಒಂದೇ ದಿನಕ್ಕೆ ತುರುಕಿದರೆ ಏನಾಗುತ್ತದೆ? 300 ಜನ ತಲಾ ಅರ್ಧ ನಿಮಿಷ ಅಕ್ಕಿ ಹಾಕಿದರೂ ಎರಡೂವರೆ ಗಂಟೆ. ಹೊತ್ತು ಸಾಲದೆ ಸಾಲನ್ನು ಮಧ್ಯಕ್ಕೇ ನಿಲ್ಲಿಸಬೇಕಾಗುತ್ತದೆ. ಅಕ್ಕಿ ಹಾಕದೆ ವಾಪಸಾದ ಅಜ್ಜಿ ಹತ್ತು ವರ್ಷ ಅದನ್ನೇ ಹೇಳುತ್ತಾಳೆ.

ಸಂಬಂಧ ಅಡ್‌ಕುವ ಶಾಸ್ತ್ರವನ್ನು ಮಾತ್ರ ಬಿಡುವುದು ಲೇಸು. ಎರಡೂ ಒಕ್ಕದ (ಕೊಡವ ಮನೆತನದ) ಅರುವರು, ಅಂದರೆ ಮನೆತನದ ಪರವಾಗಿ ಮಾತಾಡುವವರು, ಎದುರುಬದುರು ನಿಂತು, ಗಂಡನ ಒಕ್ಕದಲ್ಲಿ ಹುಡುಗಿಯ ಹಕ್ಕನ್ನು ಮಾತಿನಲ್ಲಿ ಖಚಿತಪಡಿಸುವ ಶಾಸ್ತ್ರ ಅದು. ಒಕ್ಕವೇ ಇಲ್ಲದ ಮನೆಗೆ ಬಾಡಿಗೆ ಅರುವನನ್ನು ನಿಲ್ಲಿಸಿದರೆ ನಾಟಕವಾಗುತ್ತದೆ. ಬಾಳೆ ಕಡಿಯುವುದು, ವಾಲಗದ ಕುಣಿತ ಇರಲಿ. ಹೊರಗಿನ ವರನಿಗೆ ಕೊಡವರ ಉಡುಪಾದ ಕುಪ್ಯ (ನಿಲುವಂಗಿ), ಚೇಲೆ (ನಡುಪಟ್ಟಿ) ಹಾಕಿಸಬಹುದೇ ಎಂಬುದನ್ನು ಒಕ್ಕದ ಹಿರಿಯರನ್ನೂ ಹಾಲ್ ಕೊಡುವ ಕೊಡವ ಸಮಾಜವನ್ನೂ ಕೇಳಿಯೇ ತೀರ್ಮಾನಿಸಿ. ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ಕೊಡವರಲ್ಲಿ ಮದುವೆ ಇಲ್ಲ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಚರ್ಚಿನವರಿಗೆ ಮನಸ್ಸಿಲ್ಲ. ಎರಡನ್ನೂ ಬಿಟ್ಟು ತಾರೀಖು ಹುಡುಕಿ.

ಮುಸ್ಲಿಂ ಕಡೆಯಾದರೆ, ಮತಾಂತರವಿಲ್ಲದೆ ನಿಕಾಹ್ ಸಾಮಾನ್ಯವಾಗಿ ಆಗದು. ವಿಶೇಷ ವಿವಾಹ ಕಾಯ್ದೆಯೇ ದಾರಿ. ಅಲ್ಲಿ ಕಷ್ಟ ಊಟದ್ದು. ಪಂದಿ ಕರಿ (ಹಂದಿ ಮಾಂಸದ ಸಾರು) ಇರುವ ಪಂಕ್ತಿಯಲ್ಲಿ ಬೇರೆ ಮೇಜು ಹಾಕಿದರೆ ಸಾಲದು. ಅಡುಗೆಯವರು, ಪಾತ್ರೆ, ಸೌಟು, ತೊಳೆಯುವ ಜಾಗ ಎಲ್ಲ ಬೇರೆಯಾಗಬೇಕು, ಮಾಂಸ ಹಲಾಲ್ ಆಗಿರಬೇಕು, ಮದ್ಯ ಕಣ್ಣಿಗೆ ಬೀಳಬಾರದು. ಆ ಕಡೆಯವರ ಊಟವನ್ನು ಇನ್ನೊಂದು ದಿನಕ್ಕೆ, ಇನ್ನೊಂದು ಜಾಗಕ್ಕೆ ಇಡುವುದು ಇದಕ್ಕಿಂತ ಅಗ್ಗ.

ಜಮ್ಮಾ ಜಮೀನು (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಭೂಮಿ) ಇರುವ ಒಕ್ಕದವರು ಕೇಳಲೇಬೇಕಾದ್ದು ಇನ್ನೊಂದಿದೆ. ವಿಶೇಷ ವಿವಾಹ ಕಾಯ್ದೆಯಡಿ ಹಿಂದೂ ಅವಿಭಕ್ತ ಕುಟುಂಬದವರು ಬೇರೆ ಧರ್ಮದವರನ್ನು ಮದುವೆಯಾದರೆ, 19ನೇ ಕಲಂ ಪ್ರಕಾರ ಆ ಕುಟುಂಬದಿಂದ ಬೇರ್ಪಟ್ಟಂತೆ. ಮುಂದೆ ಅವರ ಆಸ್ತಿಗೆ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಪಾಲಿನ ಹಕ್ಕು ಇದರಿಂದ ಹೋಗುವುದಿಲ್ಲ, ಆದರೆ ಲೆಕ್ಕ ಬದಲಾಗುತ್ತದೆ. ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮೊದಲು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಜಮ್ಮಾ ದಾಖಲೆ ಬಲ್ಲ ವಕೀಲರೊಬ್ಬರಿಗೆ ಕಾಗದ ತೋರಿಸಿ.